ಹಾಡು ಜೋರಾಗಿದೆ ಆದ್ರೆ ಜೀವ ಇಲ್ಲ: ಮಾಸ್ಟರಿಂಗ್‌ನಲ್ಲಿ ಲೌಡ್ನೆಸ್ ತೊಂದ್ರೆ ಹುಡುಕೋದು ಹೇಗೆ

ಮನೇಲೇ ರೆಕಾರ್ಡ್ ಮಾಡಿ ಮನೇಲೇ ಮಿಕ್ಸ್ ಮಾಡಿ ಯೂಟ್ಯೂಬ್‌ಗೋ ಸ್ಪಾಟಿಫೈಗೋ ಹಾಕೋರು ಈಗ ತುಂಬಾ ಜನ ಇದಾರೆ, ಭಾವಗೀತೆ, ದೇವರನಾಮ, ಸಣ್ಣ ಕಛೇರಿ ರೆಕಾರ್ಡಿಂಗ್ ಎಲ್ಲಾ. ಕೊನೇಲಿ ಮಾಸ್ಟರಿಂಗ್ ಅಂತ, ಅಂದ್ರೆ ಮಿಕ್ಸ್ ಆದ ಹಾಡನ್ನ ಹೊರಗೆ ಬಿಡೋಕೆ ಸಿದ್ಧ ಮಾಡೋ ಹಂತ ಬಂದಾಗ ಎಲ್ರೂ ಮಾಡೋದು ಒಂದೇ ಕೆಲ್ಸ, ಲಿಮಿಟರ್ (ಸದ್ದಿನ ತುದಿ ಒಂದು ಮಿತಿ ದಾಟದಂಗೆ ತಡೆಯೋ ಪ್ಲಗಿನ್, ಅಂದ್ರೆ ರೆಕಾರ್ಡಿಂಗ್ ಸಾಫ್ಟ್‌ವೇರ್‌ಗೆ ಸೇರಿಸೋ ಸಣ್ಣ ಪ್ರೋಗ್ರಾಂ) ಹಾಕಿ ಜೋರು ಮಾಡೋದು. ಆಮೇಲೆ ಏನೋ ಸರಿಯಿಲ್ಲ ಅನ್ಸತ್ತೆ, ಏನು ಅಂತ ಗೊತ್ತಾಗಲ್ಲ. ಇಲ್ಲಿ ಕಿವಿಗೆ ಏನು ಗೊತ್ತಾಗತ್ತೋ ಅಲ್ಲಿಂದ ಶುರು ಮಾಡಿ, ಕಾಸು ಖರ್ಚಿಲ್ದೇ ನೋಡ್ಬಹುದಾದ್ದನ್ನ ಮೊದ್ಲು ನೋಡಿ, ಆಮೇಲೆ ಕಷ್ಟದ್ದಕ್ಕೆ ಹೋಗೋಣ. ಉದಾಹರಣೆಗೆ ಇಟ್ಕೊಂಡಿರೋದು ಹಾಡುಗಾರಿಕೆ, ಪಿಟೀಲು, ಮೃದಂಗ, ತಂಬೂರಿ ಇರೋ ಒಂದು ಮಾಮೂಲಿ ಸೆಷನ್.

ಶುರು ಮಾಡೋಕ್ ಮುಂಚೆ

ಹೊಸ ಪ್ಲಗಿನ್ ಹಾಕೋವಾಗ, ಬೈಪಾಸ್ ಒತ್ತಿ ಅದನ್ನ ತಾತ್ಕಾಲಿಕವಾಗಿ ಆಫ್ ಮಾಡೋವಾಗ, ಟೆಸ್ಟ್ ಟೋನ್ ಬಿಡೋವಾಗ ಸ್ಪೀಕರ್ ವಾಲ್ಯೂಮ್ ಇಳಿಸಿ, ಹೆಡ್‌ಫೋನ್ ಕಿವಿಯಿಂದ ತೆಗೀರಿ. ಇದನ್ನ ದಯವಿಟ್ಟು ಹಗುರವಾಗಿ ತಗೋಬೇಡಿ. ಲಿಮಿಟರ್ ಬೈಪಾಸ್ ಆದ ತಕ್ಷಣ ಅಥ್ವಾ ಗೇನ್ (ಸದ್ದು ಎಷ್ಟು ಏರಿಸ್ಬೇಕು ಇಳಿಸ್ಬೇಕು ಅನ್ನೋ ಮಟ್ಟ) ತಪ್ಪಿ ಹೋದ್ರೆ ಒಂದೇ ಏಟಿಗೆ 10, 20 ಡಿಬಿ ಜಾಸ್ತಿ ಬರಬಹುದು, ಕಿವಿಗೂ ಅಪಾಯ, ಸ್ಪೀಕರ್‌ನ ಟ್ವೀಟರ್‌ಗೂ ಅಪಾಯ. ಅಮೆರಿಕದ ನಿಯೋಶ್ ಸಂಸ್ಥೆ ಕೆಲಸದ ಜಾಗಕ್ಕೆ ಹೇಳಿರೋ ಮಿತಿ 85 ಡಿಬಿಗೆ ದಿನಕ್ಕೆ 8 ಗಂಟೆ, ಅಲ್ಲಿಂದ 3 ಡಿಬಿ ಏರಿದ್ರೆ ಸಮಯ ಅರ್ಧಕ್ಕರ್ಧ ಇಳಿಯತ್ತೆ, ಅಂದ್ರೆ 88ಕ್ಕೆ 4 ಗಂಟೆ, 91ಕ್ಕೆ 2 ಗಂಟೆ ಅಷ್ಟೇ. ಸಣ್ಣ ರೂಮಲ್ಲಿ 70ರಿಂದ 75 ಡಿಬಿ ಹತ್ರ ಕೇಳಿದ್ರೆ ಸಾಕು, ಫೋನಿನ ಸೌಂಡ್ ಮೀಟರ್ ಆ್ಯಪ್ ಪೂರ್ತಿ ಕರೆಕ್ಟ್ ಇರಲ್ಲ ಆದ್ರೆ ಅಂದಾಜು ಸಿಗತ್ತೆ.

ಬೇಕಾಗಿರೋದು ಒಂದು ಲೌಡ್ನೆಸ್ ಮೀಟರ್. ಯೂಲೀನ್ ಲೌಡ್ನೆಸ್ ಮೀಟರ್‌ನ ಫ್ರೀ ವರ್ಷನ್ ಇದಕ್ಕೆ ಧಾರಾಳ ಸಾಕು. ಅದು ಎಲ್‌ಯುಎಫ್‌ಎಸ್ ಲೆಕ್ಕದಲ್ಲಿ ತೋರಿಸತ್ತೆ, ಸ್ಟುಡಿಯೋದಲ್ಲಿ ಲಫ್ಸ್ ಅಂತಾರಲ್ಲ ಅದೇ, ನಾನೂ ಹಂಗೇ ಬರೀತೀನಿ. ನಂಬರ್ ಮೈನಸ್‌ನಲ್ಲಿರತ್ತೆ, ಸೊನ್ನೆಗೆ ಹತ್ರ ಬಂದಷ್ಟೂ ಜೋರು. ಕಿವಿಗೆ ಎಷ್ಟು ಜೋರು ಅನ್ಸತ್ತೆ ಅನ್ನೋದನ್ನ ಅಳೆಯೋಕೆ ವಿಶ್ವಸಂಸ್ಥೆಯ ದೂರಸಂಪರ್ಕ ಸಂಸ್ಥೆ ಐಟಿಯು 2006ರಲ್ಲಿ ತಂದ ಬಿಎಸ್.1770 ಅನ್ನೋ ಪದ್ಧತಿ ಇದರ ಹಿಂದೆ ಇದೆ, ಯುರೋಪಿನ ಟಿವಿ ರೇಡಿಯೋ ಒಕ್ಕೂಟ ಇಬಿಯು 2010ರಲ್ಲಿ ಇದನ್ನೇ ಇಟ್ಕೊಂಡು ಆರ್128 ಮಾಡ್ತು, ಅಲ್ಲಿ ಗುರಿ ಮೈನಸ್ 23 ಲಫ್ಸ್. ಹಾಡಿನ ಆ್ಯಪ್‌ಗಳ ಗುರಿ ಬೇರೆ, ಅದಕ್ಕೆ ಈಗ ಬರ್ತೀನಿ.

"ಅಪ್ಲೋಡ್ ಮಾಡಿದ್ಮೇಲೆ ನನ್ ಹಾಡು ಬೇರೆಯವ್ರದ್ದಕ್ಕಿಂತ ಸಣ್ಣಗೆ ಕೇಳ್ತಿದೆ"

ಇದು ಎಲ್ಲಕ್ಕಿಂತ ಜಾಸ್ತಿ ಬರೋ ಕಂಪ್ಲೇಂಟು. ಲಿಮಿಟರ್ ಮುಟ್ಟೋಕ್ ಮುಂಚೆ ಪ್ಲೇಯರ್ ಸೆಟ್ಟಿಂಗ್ ನೋಡಿ, ಒಂದು ನಿಮಿಷದ ಕೆಲ್ಸ. ಸ್ಪಾಟಿಫೈಲಿ ನಾರ್ಮಲೈಸೇಷನ್ (ಎಲ್ಲಾ ಹಾಡನ್ನೂ ಒಂದೇ ಜೋರಿಗೆ ತರೋ ವ್ಯವಸ್ಥೆ) ಆನ್ ಇದ್ಯಾ, ಲೌಡ್, ನಾರ್ಮಲ್, ಕ್ವೈಟ್ ಇದ್ರಲ್ಲಿ ಯಾವ್ದಿದೆ. ಲೌಡ್ ಅಂದ್ರೆ ಮೈನಸ್ 11, ನಾರ್ಮಲ್ ಅಂದ್ರೆ ಮೈನಸ್ 14, ಕ್ವೈಟ್ ಅಂದ್ರೆ ಮೈನಸ್ 19 ಲಫ್ಸ್. ಒಂದು ಹಾಡನ್ನ ಆ್ಯಪ್‌ನಲ್ಲಿ, ಇನ್ನೊಂದನ್ನ ನಾರ್ಮಲೈಸೇಷನ್ ಇಲ್ದಿರೋ ಯಾವ್ದೋ ಬೇರೆ ಪ್ಲೇಯರ್‌ನಲ್ಲಿ ಕೇಳಿ ಹೋಲಿಸಿದ್ರೆ ಆ ಹೋಲಿಕೆಗೆ ಬೆಲೇನೇ ಇಲ್ಲ.

ಯೂಟ್ಯೂಬ್‌ನಲ್ಲಿ ಇನ್ನೂ ಸುಲಭ. ಕಂಪ್ಯೂಟರ್‌ನಲ್ಲಿ ವಿಡಿಯೋ ಮೇಲೆ ರೈಟ್ ಕ್ಲಿಕ್ ಮಾಡಿ ಸ್ಟ್ಯಾಟ್ಸ್ ಫಾರ್ ನರ್ಡ್ಸ್ ತೆಗೀರಿ, ಅಲ್ಲಿ ವಾಲ್ಯೂಮ್ ಸಾಲಿನಲ್ಲಿ ಕಂಟೆಂಟ್ ಲೌಡ್ನೆಸ್ ಅಂತ ಒಂದು ನಂಬರ್ ಇರತ್ತೆ. ಅದು 6 ಡಿಬಿ ಅಂತಿದ್ರೆ ನಿಮ್ ಹಾಡು ಅವರ ಗುರಿಗಿಂತ 6 ಡಿಬಿ ಜೋರಾಗಿತ್ತು, ಅದಕ್ಕೆ ಅವರು ಅಷ್ಟೇ ಇಳಿಸಿದಾರೆ, ಪಕ್ಕದಲ್ಲಿ ಸುಮಾರು 50% ಅಂತಾನೂ ಕಾಣತ್ತೆ. ನಂಬರ್ ಮೈನಸ್ ಇದ್ರೆ ನಿಮ್ ಹಾಡು ಗುರಿಗಿಂತ ಮೆತ್ತಗಿದೆ ಅಂತ, ಅವ್ರು ಇಳಿಸಿಲ್ಲ. ಮುಖ್ಯವಾದ ವ್ಯತ್ಯಾಸ ಏನಪ್ಪಾ ಅಂದ್ರೆ ಈ ನಾರ್ಮಲೈಸೇಷನ್‌ನಲ್ಲಿ ಯೂಟ್ಯೂಬ್ ಜೋರಾಗಿರೋದನ್ನ ಇಳಿಸತ್ತೆ, ಮೆತ್ತಗಿರೋದನ್ನ ಏರಿಸಲ್ಲ. ಕೆಲವು ವಿಡಿಯೋಗೆ ಸ್ಟೇಬಲ್ ವಾಲ್ಯೂಮ್ ಅಂತ ಬೇರೆ ಆಪ್ಷನ್ ಇರತ್ತೆ, ಪರೀಕ್ಷೆ ಮಾಡೋವಾಗ ಅದನ್ನ ಆಫ್ ಮಾಡಿ. ಸ್ಪಾಟಿಫೈ ಮೆತ್ತಗಿರೋದನ್ನ ಏರಿಸತ್ತೆ, ಆದ್ರೆ ನಾರ್ಮಲ್ ಸೆಟ್ಟಿಂಗ್‌ನಲ್ಲಿ ಮೇಲೆ, ಡಿಜಿಟಲ್‌ನ ಗರಿಷ್ಠ ಮಟ್ಟವಾದ ಸೊನ್ನೆಗಿಂತ ಕೆಳಗೆ, 1 ಡಿಬಿ ಜಾಗ ಬಿಟ್ಟು ಅಷ್ಟೇ. ಹಾಡು ಮೈನಸ್ 18 ಲಫ್ಸ್ ಇದ್ದು ಪೀಕ್, ಅಂದ್ರೆ ಸದ್ದಿನ ಅತಿ ಎತ್ತರದ ತುದಿ, ಮೈನಸ್ 3 ಇದ್ರೆ ಅದು ಬರೀ 2 ಡಿಬಿ ಏರಿ ಮೈನಸ್ 16ಕ್ಕೆ ನಿಲ್ಲತ್ತೆ. ಆ್ಯಪಲ್ ಮ್ಯೂಸಿಕ್‌ನ ಸೌಂಡ್ ಚೆಕ್ ಮೈನಸ್ 16 ಹತ್ರ ಕೆಲಸ ಮಾಡತ್ತೆ.

ಈಗ ಲಕ್ಷಣ ಓದೋಣ. ನಿಮ್ ಹಾಡು ಮೈನಸ್ 18, 19 ಇದ್ದು ಸಣ್ಣಗೆ ಕೇಳಿದ್ರೆ ನಿಜವಾಗ್ಲೂ ಲೆವೆಲ್ ಕಮ್ಮಿ ಇದೆ, ಸ್ವಲ್ಪ ಏರಿಸಿ ಮುಗೀತು. ಆದ್ರೆ ಮೈನಸ್ 8 ಇದ್ದೂ ಸಣ್ಣಗೆ ಕೇಳ್ತಿದೆ ಅಂದ್ರೆ ಕಾರಣ ಪೂರಾ ಉಲ್ಟಾ. ಲೆಕ್ಕ ಹಾಕಿ ನೋಡಿ: ಮೈನಸ್ 8 ಲಫ್ಸ್ ಹಾಡಿನ ಪೀಕ್ ಮೈನಸ್ 1ರಲ್ಲಿತ್ತು, ಸ್ಪಾಟಿಫೈ 6 ಡಿಬಿ ಇಳಿಸ್ತು, ಈಗ ಅದರ ಪೀಕ್ ಮೈನಸ್ 7. ಪಕ್ಕದಲ್ಲಿ ಇನ್ಯಾರೋ ಮೈನಸ್ 14ಕ್ಕೆ ಮಾಡಿರೋ ಹಾಡಿದೆ, ಅದನ್ನ ಯಾರೂ ಮುಟ್ಟಲಿಲ್ಲ, ಅದರ ಪೀಕ್ ಇನ್ನೂ ಮೈನಸ್ 1ರಲ್ಲೇ ಇದೆ. ಸರಾಸರಿ ಎರಡೂ ಒಂದೇ, ಆದ್ರೆ ಅವರ ಮೃದಂಗದ ಪೆಟ್ಟು ನಿಮ್ಮದಕ್ಕಿಂತ 6 ಡಿಬಿ ಮೇಲೆ ಏಳತ್ತೆ. ನೀವು ಲಿಮಿಟರ್‌ನಿಂದ ಸಂಪಾದಿಸಿದ ಜೋರನ್ನ ಅವ್ರು ವಾಪಸ್ ತಗೊಂಡ್ರು, ನೀವು ಅದಕ್ಕೆ ಕೊಟ್ಟ ಪೆಟ್ಟಿನ ಎತ್ತರ ಮಾತ್ರ ವಾಪಸ್ ಬರಲಿಲ್ಲ. ಈ ಸ್ಥಿತೀಲಿ ಇನ್ನೂ ಜೋರು ಮಾಡಿದ್ರೆ ಇನ್ನೂ ಸಣ್ಣಗೇ ಕೇಳತ್ತೆ.

ಹಂಗಂತ ಮೈನಸ್ 14 ಅನ್ನೋದು ಕಾನೂನಲ್ಲ. ಅದು ಆ್ಯಪ್ ಹಾಡು ನುಡಿಸೋ ಮಟ್ಟ, ನೀವು ಮಾಸ್ಟರ್ ಮಾಡಲೇಬೇಕಾದ ಮಟ್ಟ ಅಲ್ಲ. ಡ್ರಮ್ಸ್, ಗಿಟಾರ್ ತುಂಬಿರೋ ಹಾಡು ಮೈನಸ್ 10ರಲ್ಲಿ ಚೆನ್ನಾಗೇ ಇರಬಹುದು, ತಂಬೂರಿ, ವೀಣೆ ಎರಡೇ ಇರೋದು ಮೈನಸ್ 18ರಲ್ಲಿ ಚೆನ್ನಾಗಿರಬಹುದು.

"ಮೀಟರ್ ಒಂದೊಂದ್ ಸಲ ಒಂದೊಂದ್ ನಂಬರ್ ತೋರಿಸ್ತಿದೆ"

ಮೊದ್ಲು ರೀಸೆಟ್ ಒತ್ತಿ ಹಾಡನ್ನ ಮೊದಲಿಂದ ಕೊನೇವರೆಗೂ ನುಡಿಸಿ. ಹತ್ರತ್ರ ಎಲ್ಲಾ ಗೊಂದಲಾನೂ ಇಲ್ಲೇ ಬಗೆಹರಿಯತ್ತೆ. ಮೀಟರ್‌ನಲ್ಲಿ ಮೂರು ನಂಬರ್ ಇರತ್ತೆ, ಮೊಮೆಂಟರಿ ಅಂದ್ರೆ 400 ಮಿಲಿಸೆಕೆಂಡಿಂದು, ಶಾರ್ಟ್ ಟರ್ಮ್ ಅಂದ್ರೆ 3 ಸೆಕೆಂಡಿಂದು, ಇಂಟಿಗ್ರೇಟೆಡ್ ಅಂದ್ರೆ ಪೂರ್ತಿ ಹಾಡಿಂದು. ಆ್ಯಪ್‌ಗಳ ಗುರಿ ಹೇಳೋದು ಇಂಟಿಗ್ರೇಟೆಡ್ ಲೆಕ್ಕದಲ್ಲಿ, ಪಲ್ಲವಿ ಒಂದನ್ನೇ ನುಡಿಸಿ ಅಳೆದ್ರೆ ಬರೋ ನಂಬರ್ ಬೇರೆ.

ಇಂಟಿಗ್ರೇಟೆಡ್‌ನಲ್ಲಿ ಗೇಟ್ ಇದೆ ಅನ್ನೋದೂ ನೆನಪಿರ್ಲಿ. ಮೈನಸ್ 70 ಲಫ್ಸ್‌ಗಿಂತ ಕೆಳಗಿರೋದನ್ನ ಲೆಕ್ಕಕ್ಕೇ ತಗೊಳ್ಳಲ್ಲ, ಆಮೇಲೆ ಉಳಿದಿದ್ದರ ಸರಾಸರಿಗಿಂತ 10 ಎಲ್‌ಯು (ಲಫ್ಸ್ ನಂಬರ್‌ಗಳ ಅಂತರ ಹೇಳೋ ಲೆಕ್ಕ, 1 ಎಲ್‌ಯು ಅಂದ್ರೆ 1 ಡಿಬಿ) ಕೆಳಗಿರೋದನ್ನೂ ಬಿಡತ್ತೆ. ಹಾಗಾಗಿ ಶುರುವಲ್ಲಿ ಬರೀ ತಂಬೂರಿ ಮೇಲೆ ಬರೋ ಮೆತ್ತನೆ ಆಲಾಪನೆ ಎಷ್ಟು ಉದ್ದ ಇದ್ರೂ ನಂಬರ್ ಅಷ್ಟಾಗಿ ಇಳಿಯದೇ ಇರಬಹುದು, ಮೀಟರ್ ಕೆಟ್ಟಿಲ್ಲ.

ಇನ್ನೂ ಅನುಮಾನ ಇದ್ರೆ ಮೀಟರ್ ಎಲ್ಲಿ ಕೂತಿದೆ ನೋಡಿ, ಲಿಮಿಟರ್ ಆದ್ಮೇಲೆ ಇರ್ಬೇಕು. ರೀಪರ್ ಅನ್ನೋ ರೆಕಾರ್ಡಿಂಗ್ ಸಾಫ್ಟ್‌ವೇರ್ ಬಳಸೋರಿಗೆ ಒಂದು ವಿಷ್ಯ, ಅಲ್ಲಿ ಮಾಸ್ಟರ್ ಟ್ರ್ಯಾಕಿನ ಪ್ಲಗಿನ್‌ಗಳು ಫೇಡರ್‌ಗಿಂತ ಮುಂಚೆ ಬರ್ತವೆ, ಫೇಡರ್ ಇಳಿಸಿದ್ರೂ ಮೀಟರ್‌ಗೆ ಅದು ಗೊತ್ತೇ ಆಗಲ್ಲ. ಅದಕ್ಕೇ ರೆಂಡರ್ ಆದ, ಅಂದ್ರೆ ಸಾಫ್ಟ್‌ವೇರ್‌ನಿಂದ ಹೊರಗೆ ತೆಗೆದ ಫೈಲನ್ನ ಮತ್ತೆ ಅಳೆಯೋದು ಒಳ್ಳೇದು. ಮೋನೋ ಫೈಲ್ ಆದ್ರೆ ಒಂದೇ ಚಾನೆಲ್ ಅಂತ ಅಳೆದಿದ್ದಕ್ಕೂ, ಎರಡೂ ಸ್ಪೀಕರ್‌ನಲ್ಲಿ ನುಡಿಸೋ ಸ್ಟೀರಿಯೋ ಅಂತ ಅಳೆದಿದ್ದಕ್ಕೂ 3 ಎಲ್‌ಯು ವ್ಯತ್ಯಾಸ ಬರತ್ತೆ, ಗಾಬರಿ ಬೇಡ. ಕೊನೇ ಪರೀಕ್ಷೆ, 1000 ಹರ್ಟ್ಸ್ ಸೈನ್ ಟೋನ್ ಮೈನಸ್ 23 ಡಿಬಿ ಪೀಕ್‌ನಲ್ಲಿ ಎರಡೂ ಚಾನೆಲ್‌ಗೆ ಬಿಡಿ, ವಾಲ್ಯೂಮ್ ಇಳಿಸಿಕೊಂಡೇ ಬಿಡಿ. ಮೀಟರ್ ಮೈನಸ್ 23 ಲಫ್ಸ್ ತೋರಿಸ್ಬೇಕು, 0.1 ಆಚೆ ಈಚೆ. ತೋರಿಸಲಿಲ್ಲ ಅಂದ್ರೆ ಸೆಟ್ಟಿಂಗ್ ತಪ್ಪಿದೆ ಅಥ್ವಾ ಮೀಟರ್ ಬದಲಾಯಿಸಿ.

"ಜೋರಾಗಿದೆ, ಆದ್ರೆ ಮೃದಂಗ ಸತ್ತೋಗಿದೆ"

ಮೃದಂಗದ ಚಾಪು ಅನ್ನೋ ಪೆಟ್ಟು ಬಿದ್ದಾಗ ಮೈ ಜುಂ ಅನ್ಬೇಕು, ಅದು ಬರೀ ಪಟ್ ಅಂತ ಹಲಗೆ ತಟ್ಟಿದಂಗೆ ಕೇಳ್ತಿದ್ರೆ, ವೇವ್‌ಫಾರ್ಮ್ ಮೇಲೆ ಕೆಳಗೆ ಸವರಿ ಇಟ್ಟಂಗೆ ಕಾಣ್ತಿದ್ರೆ, ಡೈನಾಮಿಕ್ ರೇಂಜ್, ಅಂದ್ರೆ ಮೆತ್ತಗಿರೋದಕ್ಕೂ ಜೋರಿರೋದಕ್ಕೂ ಇರ್ಬೇಕಾದ ಅಂತರ, ಎಲ್ಲೋ ಹೋಗಿದೆ. ನಾನಂತೂ ಇದನ್ನ ಎಲ್ಲಕ್ಕಿಂತ ದೊಡ್ಡ ನಷ್ಟ ಅಂತೀನಿ, ಮೃದಂಗ ನುಡಿಸೋರು ವರ್ಷಗಟ್ಟಲೆ ಸಾಧನೆ ಮಾಡಿ ಒಂದೊಂದು ಪೆಟ್ಟಿನ ತೂಕ ಬೇರೆ ಬೇರೆ ಮಾಡ್ತಾರೆ, ನಾವು ಒಂದು ಗುಂಡಿ ತಿರುಗಿಸಿ ಎಲ್ಲಾನೂ ಒಂದೇ ತೂಕ ಮಾಡ್ಬಿಡ್ತೀವಿ.

ಮೊದಲ ಪರೀಕ್ಷೆ ಕಿವಿದು. ಮಾಸ್ಟರ್ ಮಾಡಿದ್ದು, ಮಾಡದೇ ಇರೋದು, ಎರಡನ್ನೂ ಒಂದೇ ಲಫ್ಸ್‌ಗೆ ತಂದು ಕೇಳಿ. ಮಾಸ್ಟರ್ ಮೈನಸ್ 9, ಮಿಕ್ಸ್ ಮೈನಸ್ 18 ಇದ್ರೆ ಮಾಸ್ಟರನ್ನ 9 ಡಿಬಿ ಇಳಿಸಿ ಪಕ್ಕಪಕ್ಕ ಇಡಿ. ಇದನ್ನ ಬಿಟ್ಟು ಯಾವ ತೀರ್ಮಾನಕ್ಕೂ ಬರಬೇಡಿ, ಯಾಕಂದ್ರೆ 1 ಡಿಬಿ ಜೋರಿರೋದು ಯಾವಾಗ್ಲೂ ಚೆನ್ನಾಗಿದೆ ಅನ್ಸತ್ತೆ, ಕಿವಿ ಇರೋದೇ ಹಂಗೆ. ಲೆವೆಲ್ ಸಮ ಮಾಡಿ ಕೇಳ್ದಾಗ ಮಿಕ್ಸೇ ಚೆನ್ನಾಗಿದೆ ಅನ್ಸಿದ್ರೆ ತೊಂದ್ರೆ ಮಾಸ್ಟರ್ ಚೈನ್‌ನಲ್ಲಿದೆ. ಮಿಕ್ಸಲ್ಲೂ ಪೆಟ್ಟು ಸತ್ತಿದ್ರೆ ಮಾಸ್ಟರ್ ಬಿಟ್ಟು ಮೃದಂಗದ ಟ್ರ್ಯಾಕಿಗೆ ಹೋಗಿ.

ಆಮೇಲೆ ನಂಬರ್. ಟ್ರೂ ಪೀಕ್‌ನಿಂದ (ಅಲೆಯ ನಿಜವಾದ ತುದಿ, ಇದರ ವಿವರ ಮುಂದೆ ಬರತ್ತೆ) ಇಂಟಿಗ್ರೇಟೆಡ್ ಕಳೀರಿ, ಅದನ್ನ ಪಿಎಲ್‌ಆರ್ ಅಂತಾರೆ. ಪೀಕ್ ಮೈನಸ್ 1, ಲೌಡ್ನೆಸ್ ಮೈನಸ್ 9 ಆದ್ರೆ ಪಿಎಲ್‌ಆರ್ 8. ಮೃದಂಗ, ಘಟ, ಖಂಜಿರ ಥರ ಪೆಟ್ಟಿನ ವಾದ್ಯ ಇರೋ ಹಾಡಲ್ಲಿ 8 ಅಂದ್ರೆ ನನ್ ಪ್ರಕಾರ ಹಿಸುಕಿದ್ದು ಜಾಸ್ತಿ ಆಯ್ತು, 12ರಿಂದ 15ರ ಹತ್ರ ಇದ್ರೆ ಸಾಮಾನ್ಯವಾಗಿ ಉಸಿರಿರತ್ತೆ. ಯಕ್ಷಗಾನದ ಚೆಂಡೆ ಇದ್ರೆ ಇನ್ನೂ ಮೇಲಿದ್ರೂ ತಪ್ಪಿಲ್ಲ. ಇದು ಅಂದಾಜು ಗೆರೆ, ಕಿವಿ ಬೇಡ ಅಂದ್ರೆ ನಂಬರ್ ಚೆನ್ನಾಗಿದ್ರೂ ಬೇಡ.

ಮುಂದೆ ಲಿಮಿಟರ್‌ನ ಗೇನ್ ರಿಡಕ್ಷನ್, ಅಂದ್ರೆ ಅದು ಎಷ್ಟು ಇಳಿಸ್ತಿದೆ ಅನ್ನೋದನ್ನ ನೋಡಿ. ಅಪರೂಪಕ್ಕೆ ಒಂದು ಪೆಟ್ಟಿಗೆ 2, 3 ಡಿಬಿ ಇಳಿದ್ರೆ ಸರಿ, ಹಾಡಿನುದ್ದಕ್ಕೂ ಮುಳ್ಳು ಕೆಳಗೇ ಕೂತಿದ್ರೆ ಅದು ಲಿಮಿಟರ್ ಮಾಡೋ ಕೆಲ್ಸ ಅಲ್ಲ. ಕೆಲವು ಲಿಮಿಟರ್‌ನಲ್ಲಿ ಡೆಲ್ಟಾ ಅಂತ ಬಟನ್ ಇದೆ, ಒತ್ತಿದ್ರೆ ಕಿತ್ತು ಹಾಕಿದ್ದು ಮಾತ್ರ ಕೇಳ್ಸತ್ತೆ, ಅದ್ರಲ್ಲಿ ಸಣ್ಣ ಟಿಕ್ ಟಿಕ್ ಇದ್ರೆ ಪರ್ವಾಗಿಲ್ಲ, ಹಾಡೋರ ಸಾಹಿತ್ಯ ಅರ್ಥ ಆಗೋಷ್ಟು ಕೇಳ್ತಿದ್ರೆ ಅಲ್ಲೇ ನಿಲ್ಸಿ ಗೇನ್ ಇಳಿಸಿ.

ಲಿಮಿಟರ್ ಕೆಲ್ಸ ಮಾಡ್ತಾನೇ ಇದೆ ಆದ್ರೆ ಲಫ್ಸ್ ಏರ್ತಾ ಇಲ್ಲ ಅನ್ನೋದಾದ್ರೆ ಅದು ತಳದ ಸದ್ದಿನ ಲಕ್ಷಣ. ಲಫ್ಸ್ ಅಳೆಯೋವಾಗ ಕೆ ವೇಟಿಂಗ್ ಅನ್ನೋ ಫಿಲ್ಟರ್ ತೀರಾ ತಳದ ಫ್ರೀಕ್ವೆನ್ಸಿನ ಕಮ್ಮಿ ಲೆಕ್ಕ ಹಾಕತ್ತೆ, ಮೇಲಿನದನ್ನ ಸ್ವಲ್ಪ ಜಾಸ್ತಿ ಲೆಕ್ಕ ಹಾಕತ್ತೆ. ಹಾಗಾಗಿ ಫ್ಯಾನು, ಎಸಿ, ಮೈಕ್ ಸ್ಟ್ಯಾಂಡ್ ಅದುರಿದ್ದು, ಮೃದಂಗದ ಎಡಗಡೆ ಗುಮಕಿ ಮೈಕಿಗೆ ತೀರಾ ಹತ್ರ ಬಿದ್ದಿದ್ದು, ಇವೆಲ್ಲಾ ಪೀಕಿನ ಜಾಗ ತಿಂತವೆ, ಲೌಡ್ನೆಸ್‌ಗೆ ಏನೂ ಸೇರ್ಸಲ್ಲ. ಹಾಡುಗಾರರ ಟ್ರ್ಯಾಕಿಗೆ 80 ಹರ್ಟ್ಸ್ ಹತ್ರ, ಪಿಟೀಲಿಗೆ ಇನ್ನೂ ಮೇಲೆ, ಮಾಸ್ಟರ್‌ಗೆ 25, 30 ಹರ್ಟ್ಸ್ ಹತ್ರ ಹೈಪಾಸ್ (ಅದಕ್ಕಿಂತ ತಳದ ಸದ್ದನ್ನ ಕತ್ತರಿಸೋ ಫಿಲ್ಟರ್) ಹಾಕಿ ಮತ್ತೆ ನೋಡಿ, ಎಷ್ಟೋ ಸಲ ಲಿಮಿಟರ್ ತಾನಾಗೇ ಸುಮ್ನಾಗತ್ತೆ. ಮೃದಂಗದ ಗುಮಕಿನೇ ಕತ್ತರಿಸಿಬಿಡಬೇಡಿ ಮಾತ್ರ.

ಇಷ್ಟಾದ್ರೂ ಸರಿಹೋಗ್ದಿದ್ರೆ ಚೈನಿನ ಕೊನೇ ಪ್ಲಗಿನ್‌ನಿಂದ ಶುರು ಮಾಡಿ ಒಂದೊಂದಾಗಿ ಬೈಪಾಸ್ ಮಾಡ್ತಾ ಹಿಂದೆ ಹೋಗಿ, ಪ್ರತಿ ಸಲ ಲೆವೆಲ್ ಸಮ ಮಾಡ್ಕೊಂಡೇ. ಕಂಪ್ರೆಸರ್ (ಜೋರಿರೋ ಸದ್ದನ್ನ ಅದುಮೋ ಪ್ಲಗಿನ್) ಹತ್ರ ಪೆಟ್ಟು ಸತ್ತಿದ್ರೆ ಅಟ್ಯಾಕ್, ಅಂದ್ರೆ ಅದು ಹಿಡಿಯೋಕೆ ತಗೊಳ್ಳೋ ಸಮಯ ನೋಡಿ, 1, 2 ಮಿಲಿಸೆಕೆಂಡ್ ಇಟ್ರೆ ಪೆಟ್ಟಿನ ತಲೇನೇ ಹೋಗತ್ತೆ, 20, 30 ಇಟ್ರೆ ಪೆಟ್ಟು ದಾಟಿದ್ಮೇಲೆ ಹಿಡಿಯತ್ತೆ.

"ಪೆಟ್ಟು ಬಿದ್ದಾಗೆಲ್ಲಾ ತಂಬೂರಿ ಮುಳುಗಿ ಏಳತ್ತೆ"

ನಮ್ಮ ಸಂಗೀತದಲ್ಲಿ ತಂಬೂರಿ ಇರೋದು ಮಾಸ್ಟರಿಂಗ್ ಮಾಡೋರಿಗೆ ದೊಡ್ಡ ಅನುಕೂಲ. ಪಾಪ್ ಹಾಡಲ್ಲಿ ಸದ್ದು ಹಿಂಗೆ ಮುಳುಗಿ ಎದ್ರೆ, ಅಂದ್ರೆ ಪಂಪಿಂಗ್ ಆದ್ರೆ ಬೀಟ್ ಜೊತೆ ಸೇರಿಹೋಗತ್ತೆ, ಕೆಲವ್ರು ಬೇಕಂತಲೇ ಮಾಡ್ತಾರೆ. ತಂಬೂರಿ ಮಾತ್ರ ಒಂದೇ ಸಮ ಹರೀಬೇಕು, ಅದು ಒಂದು ಡಿಬಿ ಅಲ್ಲಾಡಿದ್ರೂ ಶ್ರುತಿನೇ ನಡುಗಿದಂಗೆ ಅನ್ಸತ್ತೆ. ಹಾಡೋರನ್ನ ಮರೆತು, ಮೃದಂಗನ ಮರೆತು, ತಂಬೂರಿ ಒಂದನ್ನೇ ಹಿಡ್ಕೊಂಡು ತನಿ ಆವರ್ತನದ ಭಾಗ ಕೇಳಿ.

ಪೆಟ್ಟಿನ ಹಿಂದೆಯೇ ತಂಬೂರಿ ಗಕ್ಕನೆ ಮೇಲೆದ್ರೆ ಲಿಮಿಟರ್‌ನ ರಿಲೀಸ್, ಅಂದ್ರೆ ಅದುಮಿದ್ದನ್ನ ಬಿಡೋ ಸಮಯ, ತೀರಾ ಬೇಗ ಇದೆ, ಪೆಟ್ಟಾದ್ಮೇಲೆ ತುಂಬಾ ಹೊತ್ತು ಮುಳುಗೇ ಇದ್ರೆ ರಿಲೀಸ್ ನಿಧಾನ ಆಯ್ತು. ಎರಡರ ಮಧ್ಯೆ ಹುಡುಕಿ, ಆದ್ರೆ ರಿಲೀಸ್‌ನಲ್ಲೇ ಗಂಟೆಗಟ್ಟಲೆ ಕೂರಬೇಡಿ. ಕಾರಣ ಬಹಳ ಸಲ ಅಲ್ಲಿರಲ್ಲ. ಮಿಕ್ಸಲ್ಲಿ ನಾಲ್ಕೈದು ಪೆಟ್ಟು ಉಳಿದಿದ್ದಕ್ಕಿಂತ ತುಂಬಾ ಮೇಲೆದ್ದಿರತ್ತೆ, ಅದನ್ನ ಹಿಡಿಯೋಕೆ ಹೋಗಿ ಲಿಮಿಟರ್ ಇಡೀ ಹಾಡನ್ನ ಅದುಮತ್ತೆ. ಮೃದಂಗದ ಟ್ರ್ಯಾಕಿಗೆ ಹೋಗಿ ಆ ಪೆಟ್ಟುಗಳನ್ನ ಕೈಯಲ್ಲೇ ಕ್ಲಿಪ್ ಗೇನ್‌ನಿಂದ (ಟ್ರ್ಯಾಕಿನ ಒಂದು ತುಂಡಿನ ಲೆವೆಲ್ ಮಾತ್ರ ಬದಲಿಸೋ ಸೆಟ್ಟಿಂಗ್) 2, 3 ಡಿಬಿ ಇಳಿಸಿ. ಬೇಜಾರಿನ ಕೆಲ್ಸ, ಆದ್ರೆ ಇದಕ್ಕಿಂತ ಒಳ್ಳೇ ದಾರಿ ಇಲ್ಲ. ತಂಬೂರಿ ಬೇರೆ ಟ್ರ್ಯಾಕಲ್ಲೇ ಇದ್ದೂ ಮಿಕ್ಸ್ ಬಸ್ (ಟ್ರ್ಯಾಕ್‌ಗಳೆಲ್ಲಾ ಸೇರೋ ಚಾನೆಲ್) ಮೇಲೆ ಕಂಪ್ರೆಸರ್ ಇದ್ರೆ ತಂಬೂರಿನ ಆ ಬಸ್‌ನಿಂದ ಹೊರಗೆ ತರಬಹುದು.

"ಪರಪರ ಅನ್ನತ್ತೆ, ಒಡೆದಂಗೆ ಕೇಳತ್ತೆ"

ಎಲ್ಲಿ, ಯಾವಾಗ ಅನ್ನೋದ್ರಲ್ಲೇ ಅರ್ಧ ಉತ್ತರ ಇದೆ. ನುಡಿಸಿದಾಗೆಲ್ಲಾ ಬೇರೆ ಬೇರೆ ಜಾಗದಲ್ಲಿ ಪರಪರ ಅಂದ್ರೆ ಫೈಲಿನ ತಪ್ಪಲ್ಲ, ಕಂಪ್ಯೂಟರ್ ಸಾಲ್ತಾ ಇಲ್ಲ, ಆಡಿಯೋ ಸೆಟ್ಟಿಂಗ್‌ನಲ್ಲಿ ಬಫರ್ ಸೈಜ್ 512ಕ್ಕೋ 1024ಕ್ಕೋ ಏರಿಸಿ. ಒಂದೇ ಜಾಗದಲ್ಲಿ ಬರತ್ತೆ, ಆದ್ರೆ ವಾಲ್ಯೂಮ್ ಇಳಿಸಿದ್ರೆ ಹೋಗತ್ತೆ ಅಂದ್ರೆ ಸ್ಪೀಕರ್ರೋ ಹೆಡ್‌ಫೋನೋ ತಡೀತಿಲ್ಲ. ಒಂದೇ ಜಾಗ, ಎಷ್ಟು ಮೆತ್ತಗಿಟ್ರೂ ಇದೆ ಅಂದ್ರೆ ಫೈಲಿನಲ್ಲೇ ಇದೆ.

ಫೈಲಲ್ಲಿದ್ರೆ ಒಂದೊಂದೇ ಟ್ರ್ಯಾಕ್ ಸೋಲೋ ಮಾಡಿ, ಆ ಜಾಗನ ಝೂಮ್ ಮಾಡಿ. ತುದಿಗಳು ಚಪ್ಪಟೆ ಕಂಡ್ರೆ ರೆಕಾರ್ಡಿಂಗ್ ಹೊತ್ತಲ್ಲೇ ಕ್ಲಿಪ್ ಆಗಿದೆ, ಅಂದ್ರೆ ಮಿತಿ ಮೀರಿ ತುದಿ ಕತ್ತರಿಸಿಹೋಗಿದೆ. ಮೂರ್ನಾಲ್ಕು ಜಾಗ ಆದ್ರೆ ಡಿಕ್ಲಿಪ್ ಟೂಲ್‌ನಿಂದ ಮುಚ್ಚಬಹುದು, ಹಾಡು ಪೂರ್ತಿ ಹಂಗಿದ್ರೆ ಮತ್ತೆ ರೆಕಾರ್ಡ್ ಮಾಡೋದೇ ಸರಿ, 24 ಬಿಟ್‌ನಲ್ಲಿ ಪೀಕ್ ಮೈನಸ್ 10 ಹತ್ರ ಇಟ್ಕೊಂಡ್ರೂ ಏನೂ ನಷ್ಟ ಇಲ್ಲ.

ನಿಮ್ಮ ವೇವ್ ಫೈಲ್ ಚೆನ್ನಾಗಿದೆ, ಅಪ್ಲೋಡ್ ಆದ್ಮೇಲೆ ಮಾತ್ರ ಒಡೀತಿದೆ ಅಂದ್ರೆ ಟ್ರೂ ಪೀಕ್ ನೋಡಿ. ಮಾಮೂಲಿ ಪೀಕ್ ಮೀಟರ್ ಸ್ಯಾಂಪಲ್‌ಗಳನ್ನಷ್ಟೇ (ಡಿಜಿಟಲ್‌ನಲ್ಲಿ ಅಲೆಯನ್ನ ಅಳೆದಿಟ್ಟ ಬಿಂದುಗಳು) ನೋಡತ್ತೆ, ಎರಡು ಸ್ಯಾಂಪಲ್ ಮಧ್ಯೆ ಅಲೆ ಅದಕ್ಕಿಂತ ಮೇಲೆ ಹೋಗಿರಬಹುದು. ಟ್ರೂ ಪೀಕ್ ಮೀಟರ್ ಸಾಮಾನ್ಯವಾಗಿ ನಾಲ್ಕು ಪಟ್ಟು ಓವರ್‌ಸ್ಯಾಂಪಲ್ ಮಾಡಿ ಅದನ್ನ ಹಿಡಿಯತ್ತೆ. ಲಿಮಿಟರ್ ಸೀಲಿಂಗ್ (ದಾಟಬಾರದ ಮಿತಿ) ಮೈನಸ್ 0.1 ಇಟ್ಟಿದ್ರೆ ಟ್ರೂ ಪೀಕ್ ಸೊನ್ನೆ ದಾಟಿರೋ ಸಾಧ್ಯತೆ ಇದ್ದೇ ಇದೆ, ಅದ್ರ ಮೇಲೆ ಎಎಸಿ, ಓಗ್ ಥರದ ಫಾರ್ಮ್ಯಾಟ್‌ಗೆ ಫೈಲ್ ಕುಗ್ಗಿಸೋವಾಗ ಪೀಕ್ ಇನ್ನೂ ಏರತ್ತೆ. ಟ್ರೂ ಪೀಕ್ ಮೋಡ್ ಆನ್ ಮಾಡಿ ಸೀಲಿಂಗ್ ಮೈನಸ್ 1ಕ್ಕೆ ಇಡಿ, ಮಾಸ್ಟರ್ ಮೈನಸ್ 14ಕ್ಕಿಂತ ಜೋರಿದ್ರೆ ಸ್ಪಾಟಿಫೈನೇ ಮೈನಸ್ 2 ಇಡಿ ಅನ್ನತ್ತೆ. ಅಪ್ಲೋಡ್ ಮಾಡೋಕ್ ಮುಂಚೆ ನೀವೇ ಎಎಸಿಗೆ ಕನ್ವರ್ಟ್ ಮಾಡಿ, ಆ ಫೈಲನ್ನ ಮತ್ತೆ ಅಳೆದು ನೋಡಿದ್ರೆ ಇನ್ನೂ ಒಳ್ಳೇದು.

"ಆಲಾಪನೆ ಕೇಳ್ಸಲ್ಲ, ಪಲ್ಲವಿ ಬಂದ್ರೆ ಬೆಚ್ಚಿ ಬೀಳ್ತೀವಿ"

ಇದು ಮೃದಂಗ ಸತ್ತೋಗೋದಕ್ಕೆ ಉಲ್ಟಾ ತೊಂದ್ರೆ. ಇಲ್ಲಿ ಎಲ್‌ಆರ್‌ಎ ಅನ್ನೋ ನಂಬರ್ ನೋಡ್ಬೇಕು, ಅದು ಹಾಡಿನ ಮೆತ್ತನೆ ಭಾಗಕ್ಕೂ ಜೋರು ಭಾಗಕ್ಕೂ ಇರೋ ಅಂತರ. ಪಿಎಲ್‌ಆರ್ ಹೇಳೋದು ಪೆಟ್ಟಿನ ಎತ್ತರ, ಎಲ್‌ಆರ್‌ಎ ಹೇಳೋದು ಭಾಗ ಭಾಗದ ಏರಿಳಿತ, ಎರಡನ್ನೂ ಡೈನಾಮಿಕ್ ರೇಂಜ್ ಅಂತಾನೇ ಕರೀತಾರೆ, ಅಲ್ಲೇ ಗೊಂದಲ. ಒಂದು ಚೆನ್ನಾಗಿದ್ದು ಇನ್ನೊಂದು ಕೆಟ್ಟಿರಬಹುದು.

ಎಲ್‌ಆರ್‌ಎ 15 ಎಲ್‌ಯು ದಾಟಿದ್ರೆ ಬಸ್ಸಲ್ಲೋ ಅಡುಗೆಮನೇಲೋ ಕೇಳೋರಿಗೆ ಮೆತ್ತನೆ ಭಾಗ ಕಷ್ಟ ಆಗಬಹುದು. ಇದಕ್ಕೆ ಕಂಪ್ರೆಸರ್ ಹಾಕ್ಬೇಡಿ. ವಾಲ್ಯೂಮ್ ಆಟೋಮೇಷನ್‌ನಿಂದ ಆಲಾಪನೆನ 2, 3 ಡಿಬಿ ಎತ್ತಿ, ಹತ್ತಾರು ಸೆಕೆಂಡು ತಗೊಂಡು ನಿಧಾನಕ್ಕೆ ಇಳಿಸ್ತಾ ಬನ್ನಿ, ಕೇಳೋರಿಗೆ ಗೊತ್ತೇ ಆಗ್ಬಾರ್ದು. ಹೆಡ್‌ಫೋನ್ ಹಾಕಿ ಕೂತು ಕೇಳೋರಿಗೆ ಅಂತಲೇ ಮಾಡಿದ್ರೆ ಹಂಗೇ ಬಿಡಿ, ಆ ಅಂತರನೇ ಸಂಗೀತ.

ಆಲ್ಬಮ್ ಹಾಡುಗಳ ಮಧ್ಯೆ ಲೆವೆಲ್ ಹಾರಿದ್ರೂ ಇದೇ ಮಾತು. ಪ್ರತಿ ಹಾಡನ್ನೂ ಮೈನಸ್ 14ಕ್ಕೆ ಕೂರಿಸಿದ್ರೆ ಮಂಗಳಂ ಕೂಡ ಪ್ರಧಾನ ಕೃತಿಯಷ್ಟೇ ಜೋರಾಗಿಬಿಡತ್ತೆ. ಅತಿ ಜೋರಿರೋ ಹಾಡನ್ನ ಮೊದ್ಲು ಕೂರಿಸಿ ಉಳಿದಿದ್ದನ್ನ ಕಿವಿಯಿಂದ ಹೊಂದಿಸಿ. ಆಲ್ಬಮ್ ಸಾಲಾಗಿ ನುಡಿಸಿದಾಗ ಸ್ಪಾಟಿಫೈ ಇಡೀ ಆಲ್ಬಮ್‌ಗೆ ಒಂದೇ ಗೇನ್ ಹಾಕತ್ತೆ, ನೀವು ಇಟ್ಟ ಅಂತರ ಉಳಿಯತ್ತೆ.

ಎಲ್ಲಿ ನಿಲ್ಲಿಸಬೇಕು, ಯಾರ ಹತ್ರ ಹೋಗ್ಬೇಕು

ಅರ್ಧ ಗಂಟೆ ಕೇಳಿದ್ಮೇಲೆ ಎಲ್ಲಾ ಒಂದೇ ಥರ ಅನ್ಸೋಕೆ ಶುರು ಆದ್ರೆ, ವಾಲ್ಯೂಮ್ ತಾನಾಗೇ ಏರಿಸ್ತಾ ಹೋಗ್ತಿದ್ರೆ ಕಿವಿ ದಣಿದಿದೆ, ನಾಳೆ ನೋಡಿ. ಕಿವೀಲಿ ಗುಂಯ್ ಅನ್ನೋದು ಒಂದು ರಾತ್ರಿ ಮಲಗೆದ್ದರೂ ಹೋಗಲಿಲ್ಲ ಅಂದ್ರೆ ಇಎನ್‌ಟಿ ಡಾಕ್ಟರ್ ಹತ್ರ ಹೋಗಿ. ಒಂದು ಕಿವಿ ಇದ್ದಕ್ಕಿದ್ದಂಗೆ ಮಂದ ಆದ್ರೆ ಅವತ್ತೇ ಹೋಗ್ಬೇಕು, ಅದಕ್ಕೆ ಚಿಕಿತ್ಸೆ ಎಷ್ಟು ಬೇಗ ಶುರು ಆಗತ್ತೋ ಅಷ್ಟು ಒಳ್ಳೇದು, ವಾರ ಬಿಟ್ಟು ನೋಡೋಣ ಅನ್ನೋ ವಿಷ್ಯ ಅಲ್ಲ.

ಕೆಲಸದ ವಿಷ್ಯಕ್ಕೆ ಬಂದ್ರೆ, ಲೆವೆಲ್ ಸಮ ಮಾಡಿ ಕೇಳ್ದಾಗ ನೀವು ಮಾಡಿದ್ಯಾವ್ದೂ ಮಿಕ್ಸ್‌ಗಿಂತ ಚೆನ್ನಾಗಿಲ್ಲ ಅಂದ್ರೆ, ಅಥ್ವಾ ರೂಮಲ್ಲಿ ಕೇಳೋ ತಳದ ಸದ್ದು ನಂಬೋಕಾಗ್ತಿಲ್ಲ ಅಂದ್ರೆ, ಮಾಸ್ಟರಿಂಗ್ ಎಂಜಿನಿಯರ್‌ಗೆ ಕೊಡಿ. ಟಿವಿಗೋ ಓಟಿಟಿಗೋ ಹೋಗೋದಾದ್ರೆ ಅವರ ಡೆಲಿವರಿ ಸ್ಪೆಕ್ ಮೊದಲೇ ಕೇಳಿ ಇಸ್ಕೊಳ್ಳಿ, ಅಲ್ಲಿಯ ನಂಬರ್‌ಗಳು ಹಾಡಿನ ಆ್ಯಪ್‌ಗಳದ್ದಕ್ಕಿಂತ ಬೇರೆ.

ಕಳಿಸೋವಾಗ ಮಾಸ್ಟರ್ ಮೇಲಿರೋ ಲಿಮಿಟರ್ ತೆಗೆದು, 24 ಬಿಟ್ ವೇವ್ ಫೈಲ್, ರೆಕಾರ್ಡ್ ಮಾಡಿದ ಸ್ಯಾಂಪಲ್ ರೇಟ್‌ನಲ್ಲೇ, ಪೀಕ್ ಮೈನಸ್ 3ರಿಂದ ಮೈನಸ್ 6ರೊಳಗೆ ಇರೋ ಹಂಗೆ ರೆಂಡರ್ ಮಾಡಿ. ಮೊದಲ ಪೆಟ್ಟಿಗೂ ಕೊನೇ ತಂಬೂರಿ ಮೀಟಿಗೂ ಆಚೆ ಈಚೆ ಎರಡೆರಡು ಸೆಕೆಂಡ್ ಖಾಲಿ ಬಿಡಿ, ಫೇಡ್ ಮಾಡ್ಬೇಡಿ. ಜೊತೆಗೆ ನಿಮ್ಮ ಲಿಮಿಟರ್ ಹಾಕಿರೋ ವರ್ಷನ್ನೂ ಬೇರೆ ಫೈಲಾಗಿ ಕಳಿಸಿ, ನಿಮಗೆ ಎಷ್ಟು ಜೋರು ಬೇಕಿತ್ತು ಅಂತ ಅವರಿಗೆ ಅದರಿಂದ ಗೊತ್ತಾಗತ್ತೆ, ಮೃದಂಗದ ಪೆಟ್ಟು ಹೋಗ್ಬಾರ್ದು ಅನ್ನೋದನ್ನ ಫೋನಲ್ಲಿ ಹೇಳಿ ಬಿಡ್ಬೇಡಿ, ಬರೆದೇ ಕಳಿಸಿ.